ಬಿಲ್ ಎಲ್ಲಿ ಪ್ರಿಂಟ್ ಆಯಿತು? ಆಸ್ಪತ್ರೆಯ ರಿಮೋಟ್ ಡೆಸ್ಕ್‌ಟಾಪ್ ಮತ್ತು ಪ್ರಿಂಟರ್ ಸೆಟ್ಟಿಂಗ್

ಕಾಮರ್ಸ್ ಓದಿದವರಲ್ಲಿ ಹಲವರು ಮುಂದೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೆಲಸಕ್ಕೆ ಸೇರುತ್ತಾರೆ. ಟ್ಯಾಲಿ, ಜಿ.ಎಸ್.ಟಿ. ಗೊತ್ತಿದ್ದರೆ ಸಾಕು ಎಂದುಕೊಂಡು ಹೋಗುತ್ತಾರೆ. ಆದರೆ ಅಲ್ಲಿ ದಿನವೂ ತಲೆ ತಿನ್ನುವುದು ಪ್ರಿಂಟರ್. ಅಂಥ ಒಂದು ಕೌಂಟರ್‌ನಲ್ಲಿರುವ ನನ್ನ ಖಾಲಾ, ಅಂದರೆ ಅಮ್ಮನ ತಂಗಿ, ಹೇಳುವ ಪ್ರಕಾರ ಪ್ರಿಂಟ್ ಬಾರದಿದ್ದರೆ ಅಷ್ಟು ಭಯವಿಲ್ಲ, ಬೇರೆ ಕಡೆ ಬಂದರೆ ಭಯ. ರೋಗಿಯ ಹೆಸರು, ಕಾಯಿಲೆ, ಪರೀಕ್ಷೆಯ ವಿವರ ಇರುವ ಕಾಗದ ಮೇಲಿನ ಮಹಡಿಯ ವಾರ್ಡಿನಲ್ಲಿ ಬಿದ್ದಿದ್ದರೆ ಯಾರು ಬೇಕಾದರೂ ಓದಬಹುದು. ಅಥವಾ ಅದನ್ನು ಇನ್ನೊಬ್ಬ ರೋಗಿಯ ಫೈಲಿಗೆ ಸೇರಿಸಿಬಿಡಬಹುದು.

ಇದು ಏಕೆ ಆಗುತ್ತದೆ? ಅನೇಕ ಆಸ್ಪತ್ರೆಗಳಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ. ಅದು ಸರ್ವರ್‌ನಲ್ಲಿರುತ್ತದೆ. ನಾವು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸರ್ವರ್‌ನ ಪರದೆಯನ್ನು ನಮ್ಮ ಮೇಜಿನ ಮೇಲೆ ನೋಡುತ್ತೇವೆ, ಅಷ್ಟೇ. ಹೀಗೆ ಒಬ್ಬರು ಒಳಗೆ ಹೋಗಿ ಕೆಲಸ ಮಾಡುವುದಕ್ಕೆ ಸೆಷನ್ ಎನ್ನುತ್ತಾರೆ. ಸಾಫ್ಟ್‌ವೇರ್ ಅಲ್ಲಿ, ಪ್ರಿಂಟರ್ ಇಲ್ಲಿ. ನಡುವೆ ಯಾರೋ ಸೇತುವೆ ಕಟ್ಟಬೇಕು. ಸೆಷನ್ ಶುರುವಾದಾಗ ವಿಂಡೋಸ್ ನಮ್ಮ ಮೇಜಿನ ಪ್ರಿಂಟರ್‌ಗೆ ಸರ್ವರ್‌ನಲ್ಲಿ ಒಂದು ತಾತ್ಕಾಲಿಕ ಹೆಸರು ಸೃಷ್ಟಿಸುತ್ತದೆ. ಪ್ರಿಂಟರ್‌ನ ಹೆಸರಿನ ಮುಂದೆ 'ರೀಡೈರೆಕ್ಟೆಡ್ 3' ಎಂಬಂತೆ ಸೆಷನ್ ಸಂಖ್ಯೆ ಕಾಣುತ್ತದೆ. ನಾಳೆ ಅದು 3 ಇರಬಹುದು, 7 ಇರಬಹುದು. ನಮ್ಮ ಲೆಕ್ಕಶಾಸ್ತ್ರದ ಸಸ್ಪೆನ್ಸ್ ಖಾತೆಯ ಹಾಗೆ, ಇದು ಕೆಲಸವಿರುವಷ್ಟು ಹೊತ್ತು ಮಾತ್ರ ಇರುವ ಹೆಸರು. ಬಿಲ್ಲಿಂಗ್ ಸಾಫ್ಟ್‌ವೇರ್ ನಿನ್ನೆಯ ಹೆಸರನ್ನೇ ನೆನಪಿಟ್ಟುಕೊಂಡಿದ್ದರೆ ಇಂದು ಆ ಹೆಸರಿನ ಪ್ರಿಂಟರ್ ಸಿಗುವುದಿಲ್ಲ. ಆಗ 'ಪ್ರಿಂಟರ್ ಇಲ್ಲ' ಎನ್ನುತ್ತದೆ, ಇಲ್ಲವೇ ಕೇಳದೆ ಡೀಫಾಲ್ಟ್ ಪ್ರಿಂಟರ್‌ಗೆ ಕಳಿಸಿಬಿಡುತ್ತದೆ.

ಆದ್ದರಿಂದ ತೊಂದರೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ತಪ್ಪು ಯಾವ ಕಂಪ್ಯೂಟರ್‌ನಲ್ಲಿದೆ, ಇಲ್ಲಿಯದರಲ್ಲೋ ಅಲ್ಲಿಯದರಲ್ಲೋ? ರಿಮೋಟ್ ಕಿಟಕಿಯನ್ನು ಚಿಕ್ಕದು ಮಾಡಿ, ಮೇಜಿನ ಕಂಪ್ಯೂಟರ್‌ನಿಂದಲೇ ಒಂದು ಟೆಸ್ಟ್ ಪೇಜ್ ಕೊಡಿ. ಅದೂ ಬರದಿದ್ದರೆ ಕಾಗದ, ಕೇಬಲ್, ಟೋನರ್ ನೋಡಿ. ಸರ್ವರ್‌ಗೆ ಬೈಯುವುದು ಬೇಡ. ಅದು ಬಂದರೆ ಸೆಷನ್‌ನಿಂದ ಸೈನ್ ಔಟ್ ಮಾಡಿ, ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ತೆರೆದು, 'ಶೋ ಆಪ್ಷನ್ಸ್' ಒತ್ತಿ, 'ಲೋಕಲ್ ರಿಸೋರ್ಸಸ್' ಎಂಬಲ್ಲಿ 'ಪ್ರಿಂಟರ್ಸ್' ಎದುರು ಟಿಕ್ ಇದೆಯೇ ನೋಡಿ. ಟಿಕ್ ಇಲ್ಲದಿದ್ದರೆ ಸೇತುವೆಯೇ ಇಲ್ಲ. ಟಿಕ್ ಇದ್ದೂ ಸೆಷನ್ ಒಳಗಿನ ಪಟ್ಟಿಯಲ್ಲಿ ಪ್ರಿಂಟರ್ ಕಾಣದಿದ್ದರೆ ಸರ್ವರ್‌ನ ನಿಯಮದಲ್ಲಿ ಪ್ರಿಂಟರ್ ರೀಡೈರೆಕ್ಷನ್ ತಡೆದಿರಬಹುದು, ಅಥವಾ ಡ್ರೈವರ್ ಹೊಂದದಿರಬಹುದು. ಆ ಕೆಲಸ ಐ.ಟಿ. ವಿಭಾಗದ್ದು. ಹಿಂದೆ ಪ್ರತಿ ಪ್ರಿಂಟರ್‌ನ ಡ್ರೈವರ್ ಸರ್ವರ್‌ನಲ್ಲೂ ಇರಬೇಕಿತ್ತು. ವಿಂಡೋಸ್ ಸರ್ವರ್ 2008ರಿಂದ 'ಈಸಿ ಪ್ರಿಂಟ್' ಬಂತು. ಅದು ಪುಟವನ್ನು ಎಕ್ಸ್.ಪಿ.ಎಸ್. ರೂಪದಲ್ಲಿ ನಮ್ಮ ಕಡೆಗೆ ಕಳಿಸುತ್ತದೆ, ಮೇಜಿನ ಕಂಪ್ಯೂಟರ್ ತನ್ನ ಡ್ರೈವರ್‌ನಿಂದಲೇ ಪ್ರಿಂಟ್ ಮಾಡುತ್ತದೆ.

ಇನ್ನು ಡೀಫಾಲ್ಟ್ ಪ್ರಿಂಟರ್ ವಿಚಾರ. ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಗೊಂದಲ ಇಲ್ಲೇ ಇದೆ. ನಾವು ಸೆಷನ್‌ಗೆ ಹೋದಾಗ ಮೇಜಿನ ಕಂಪ್ಯೂಟರ್‌ನ ಡೀಫಾಲ್ಟ್ ಪ್ರಿಂಟರ್ ಸಾಮಾನ್ಯವಾಗಿ ಸೆಷನ್‌ನ ಡೀಫಾಲ್ಟ್ ಆಗುತ್ತದೆ. ಸರ್ವರ್‌ನಲ್ಲಿ ಇದನ್ನು ತಡೆಯುವ ನಿಯಮ ಹಾಕಿದ್ದರೆ ಮಾತ್ರ ಆಗುವುದಿಲ್ಲ. ವಿಂಡೋಸ್ 10ರಲ್ಲಿ 2015ರ ಕೊನೆಯ ಅಪ್‌ಡೇಟ್‌ನಿಂದ ಒಂದು ಹೊಸ ಸೌಲಭ್ಯ ಬಂದಿದೆ: ಡೀಫಾಲ್ಟ್ ಪ್ರಿಂಟರ್ ಅನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ, ಕೊನೆಗೆ ಬಳಸಿದ ಪ್ರಿಂಟರ್ ಡೀಫಾಲ್ಟ್ ಆಗುತ್ತದೆ. ಮನೆಯಲ್ಲಿ ಇದು ಅನುಕೂಲ. ಆಸ್ಪತ್ರೆಯಲ್ಲಿ ಒಂದೇ ಮೇಜಿನ ಮೇಲೆ ಎ4 ಪ್ರಿಂಟರ್ ಮತ್ತು ರಕ್ತದ ಬಾಟಲಿಗೆ ಅಂಟಿಸುವ ಲೇಬಲ್ ಪ್ರಿಂಟರ್ ಎರಡೂ ಇದ್ದರೆ? ಬೆಳಿಗ್ಗೆ ಯಾರೋ ಒಂದು ಲೇಬಲ್ ತೆಗೆದರು, ಲೇಬಲ್ ಪ್ರಿಂಟರ್ ಡೀಫಾಲ್ಟ್ ಆಯಿತು, ಮುಂದಿನ ಡಿಸ್ಚಾರ್ಜ್ ಬಿಲ್ ಚಿಕ್ಕ ಚಿಕ್ಕ ಲೇಬಲ್‌ಗಳ ಮೇಲೆ ತುಂಡು ತುಂಡಾಗಿ ಬರತೊಡಗಿತು! ಖಾಲಾ ಅವರ ಕೌಂಟರ್‌ನಲ್ಲಿ ಇದು ನಡೆದಾಗ ಎಲ್ಲರೂ ನಕ್ಕರಂತೆ, ಸಾಲಿನಲ್ಲಿ ನಿಂತವರನ್ನು ಬಿಟ್ಟು. ಪರಿಹಾರ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಆ ಸೌಲಭ್ಯವನ್ನು ಆಫ್ ಮಾಡಿ ಎ4 ಪ್ರಿಂಟರ್ ಅನ್ನು ಡೀಫಾಲ್ಟ್ ಮಾಡುವುದು. ಸೆಷನ್ ಒಳಗೂ ಅದು ಆನ್ ಆಗಿದ್ದರೆ ಅಲ್ಲಿಯೂ ಆಫ್ ಮಾಡಬೇಕು.

ಕಾಗದದ ಅಳತೆಯನ್ನೂ ಗಮನಿಸಿ. ಎ4 ಎಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅಮೆರಿಕದ ಲೆಟರ್ ಅಳತೆ ಸುಮಾರು 216 ಮತ್ತು 279. ಸೆಷನ್‌ನಲ್ಲಿ ಲೆಟರ್ ಎಂದಿದ್ದರೆ ಉದ್ದದಲ್ಲಿ 18 ಮಿ.ಮೀ. ಕಡಿಮೆಯಾಗಿ ಬಿಲ್ಲಿನ ಕೊನೆಯ ಸಾಲುಗಳು ಎರಡನೇ ಪುಟಕ್ಕೆ ಹೋಗುತ್ತವೆ ಅಥವಾ ಕತ್ತರಿಸಿಹೋಗುತ್ತವೆ. ಬಿಲ್ಲಿನ ಕೊನೆಯಲ್ಲಿ ಏನಿರುತ್ತದೆ ಎಂದು ನಮಗೆ ಹೇಳಬೇಕಾಗಿಲ್ಲ: ಒಟ್ಟು ಮೊತ್ತ ಮತ್ತು ಸಹಿ. ಅವಿಲ್ಲದ ವೋಚರ್ ಅನ್ನು ವಿಮಾ ಕಂಪನಿಯೂ ಒಪ್ಪುವುದಿಲ್ಲ, ಆಡಿಟರ್ ಕೂಡ ಒಪ್ಪುವುದಿಲ್ಲ.

ಈಗ ಮಹಡಿ ತಪ್ಪುವ ಸಮಸ್ಯೆ. ಶಿಫ್ಟ್ ಮುಗಿದಾಗ ಕೆಲವರು ಮೇಲಿನ ಗುಣಾಕಾರ ಚಿಹ್ನೆ ಒತ್ತಿ ಕಿಟಕಿ ಮುಚ್ಚುತ್ತಾರೆ. ಅದು ಸೈನ್ ಔಟ್ ಅಲ್ಲ, ಡಿಸ್ಕನೆಕ್ಟ್ ಮಾತ್ರ. ಸೆಷನ್ ಸರ್ವರ್‌ನಲ್ಲಿ ಹಾಗೇ ಜೀವಂತವಾಗಿರುತ್ತದೆ, ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆದೇ ಇರುತ್ತದೆ. ಮರುದಿನ ಅದೇ ವ್ಯಕ್ತಿ ಕೆಳಗಿನ ಕೌಂಟರ್‌ನಿಂದ ಒಳಗೆ ಬಂದರೆ ಹಳೆಯ ಪರದೆಯೇ ಎದುರಾಗುತ್ತದೆ. ಅವರು ನಿನ್ನೆ ವಾರ್ಡಿನ ನೆಟ್‌ವರ್ಕ್ ಪ್ರಿಂಟರ್ ಆರಿಸಿದ್ದರೆ ಇಂದಿನ ಬಿಲ್ ಕೂಡ ಅಲ್ಲಿಗೇ ಹೋಗಬಹುದು. ಇಲ್ಲಿ ಕಾಗದ ಬರಲಿಲ್ಲವೆಂದು ನಾಲ್ಕು ಸಲ ಒತ್ತಿದರೆ ಅಲ್ಲಿ ನಾಲ್ಕು ಪ್ರತಿ. ಆದ್ದರಿಂದ ಎರಡನೇ ಸಲ ಒತ್ತುವ ಮೊದಲು ಪ್ರಿಂಟ್ ಕಿಟಕಿಯಲ್ಲಿ ಯಾವ ಹೆಸರಿದೆ ಎಂದು ಓದಬೇಕು. ತಪ್ಪು ಕಡೆ ಹೋಗಿದೆ ಎಂದು ತಿಳಿದರೆ ಆ ವಾರ್ಡಿಗೆ ಫೋನ್ ಮಾಡಿ ಕಾಗದ ತೆಗೆದಿಡಲು ಹೇಳಬೇಕು. ಸೆಟ್ಟಿಂಗ್ ಸರಿಮಾಡುವುದು ಅದರ ನಂತರ. ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ನಮ್ಮ ದೇಶದಲ್ಲಿ 2023ರಲ್ಲಿ ಕಾಯ್ದೆಯೇ ಆಗಿದೆ.

ಕೆಲವರು ಪ್ರಿಂಟ್ ಸಿಕ್ಕಿಕೊಂಡರೆ 'ಸ್ಪೂಲರ್ ರೀಸ್ಟಾರ್ಟ್ ಮಾಡು' ಎನ್ನುತ್ತಾರೆ. ಸ್ಪೂಲರ್ ಎಂದರೆ ಪ್ರಿಂಟ್‌ಗಳನ್ನು ಸಾಲಿನಲ್ಲಿ ನಿಲ್ಲಿಸುವ ಸೇವೆ. ಮೇಜಿನ ಕಂಪ್ಯೂಟರ್‌ನಲ್ಲಿ ಹಾಗೆ ಮಾಡಿದರೆ ನಿಮ್ಮ ಒಂದು ಮೇಜಿಗೆ ಮಾತ್ರ ಪರಿಣಾಮ. ಸರ್ವರ್‌ನಲ್ಲಿ ಮಾಡಿದರೆ ಆ ಕ್ಷಣ ಪ್ರಿಂಟ್ ಕೊಡುತ್ತಿರುವ ಫಾರ್ಮಸಿ, ಲ್ಯಾಬ್, ವಾರ್ಡ್ ಎಲ್ಲರಿಗೂ ಅಡ್ಡಿ. ಅಧಿಕಾರ ಇದ್ದರೂ ಐ.ಟಿ. ವಿಭಾಗಕ್ಕೆ ಹೇಳದೆ ಮುಟ್ಟಬಾರದು.

ಯಾವುದೂ ಆಗದಿದ್ದರೆ, ರೋಗಿಯನ್ನು ಕಾಯಿಸದೆ ಪಿ.ಡಿ.ಎಫ್. ಮಾಡಿ ಬೇರೆ ಕೌಂಟರ್‌ನಿಂದ ಪ್ರಿಂಟ್ ತೆಗೆಯಬಹುದು. ಸೆಷನ್ ಒಳಗೆ ಮಾಡಿದ ಆ ಫೈಲ್ ಸಾಮಾನ್ಯವಾಗಿ ಸರ್ವರ್‌ನಲ್ಲೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಅಳಿಸಬೇಕು. ಖಾಲಾ ಅವರ ಕೌಂಟರ್‌ನಲ್ಲಿ ಕ್ರಮಸಂಖ್ಯೆ ಇರುವ ಹಳೆಯ ರಸೀದಿ ಪುಸ್ತಕ ಈಗಲೂ ಡ್ರಾಯರ್‌ನಲ್ಲಿದೆ. ಅದರಲ್ಲಿ ಕೈಯಿಂದ ಬರೆದದ್ದನ್ನು ಅದೇ ದಿನ ಸಂಜೆಯೊಳಗೆ ಸಾಫ್ಟ್‌ವೇರ್‌ಗೆ ಸೇರಿಸುತ್ತಾರೆ, ಇಲ್ಲದಿದ್ದರೆ ನಗದು ಪುಸ್ತಕ ತಾಳೆಯಾಗುವುದಿಲ್ಲ.

ಪ್ರಯೋಗ ಮಾಡಿ ನೋಡಬೇಕೆನ್ನುವವರಿಗೆ ಒಂದು ಮಾತು: ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಪ್ರವೇಶಿಸಬೇಕಾದ ಕಂಪ್ಯೂಟರ್‌ನಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಆವೃತ್ತಿಯಲ್ಲಿ ಆಗುವುದಿಲ್ಲ. ಲ್ಯಾಬ್‌ನಲ್ಲಿ ಸರ್ ಅನುಮತಿ ಪಡೆದು ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡರೆ ಸಾಕು. ಒಮ್ಮೆ ಡಿಸ್ಕನೆಕ್ಟ್, ಒಮ್ಮೆ ಸೈನ್ ಔಟ್ ಮಾಡಿ ಮತ್ತೆ ಒಳಗೆ ಹೋಗಿ, ಪ್ರತಿ ಸಲ ಪ್ರಿಂಟರ್ ಪಟ್ಟಿಯಲ್ಲಿನ ಹೆಸರು ಮತ್ತು ಸಂಖ್ಯೆಯನ್ನು ಬರೆದುಕೊಳ್ಳಿ.