ಲಾಟೆಯ ಕೆಳಗಿನ ಮೂರು ಸಾಲು

ಕಾಫಿ ಶಾಪಿನ ಬೋರ್ಡಿನಲ್ಲಿ ಮೂವತ್ತು ಹೆಸರಿದ್ದರೂ ಒಳಗಿನ ಸರಕು ಕೆಲವೇ. ನುಣ್ಣಗೆ ಬೀಸಿದ ಪುಡಿಯ ಮೂಲಕ ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಇಳಿಸುವ ಗಟ್ಟಿ ಕಾಫಿಯೇ ಎಸ್ಪ್ರೆಸೊ. ಅದಕ್ಕೆ ಬಿಸಿನೀರು ಬೆರೆಸಿದರೆ ಅಮೆರಿಕಾನೊ. ಹಾಲು, ದಪ್ಪ ನೊರೆ ಸೇರಿದರೆ ಕ್ಯಾಪುಚಿನೊ. ಹಾಲು ಹೆಚ್ಚಿ ನೊರೆ ತೆಳುವಾದರೆ ಲಾಟೆ. ಚಾಕೊಲೇಟ್ ಬಿದ್ದರೆ ಮೋಕಾ. ಇವಕ್ಕೇ ಐಸ್ ಹಾಕಿದರೆ ಬೋರ್ಡಿಗೆ ಮತ್ತೊಂದು ಸಾಲು. ಹತ್ತು ಪಾನೀಯ, ಮೂರು ಅಳತೆ, ನಾಲ್ಕು ಬಗೆಯ ಹಾಲು, ಐದು ಸಿರಪ್ ಇಟ್ಟಿರುವ ಅಂಗಡಿಯಲ್ಲಿ ಒಂದು ಕಪ್ಪನ್ನು 600 ಬಗೆಯಲ್ಲಿ ಕೇಳಬಹುದು. ಬೆನ್ನ ಹಿಂದೆ ಸಾಲು ನಿಂತಿರುವಾಗ ಗಿರಾಕಿ ಅರ್ಧ ನಿಮಿಷದಲ್ಲಿ ಅವುಗಳಲ್ಲೊಂದನ್ನು ಆರಿಸಬೇಕು.

ದರ್ಶಿನಿಯಲ್ಲೂ ಆಯ್ಕೆ ಇಲ್ಲದಿಲ್ಲ. ಸ್ಟ್ರಾಂಗ್, ಲೈಟ್, ಸಕ್ಕರೆ ಕಮ್ಮಿ, ಸಕ್ಕರೆ ಬೇಡ. ಇವಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ. ಬೈ-ಟು ಎಂದರೆ ಇಬ್ಬರ ಖರ್ಚು ಒಂದೇ ಲೋಟದಲ್ಲಿ ಮುಗಿಯುತ್ತದೆ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಮಳಿಗೆ ತೆರೆದ ಮೇಲೆ, 2012ರಲ್ಲಿ ಟಾಟಾ ಜೊತೆಗೂಡಿ ಸ್ಟಾರ್‌ಬಕ್ಸ್ ಭಾರತಕ್ಕೆ ಬಂದ ಮೇಲೆ, ಹೊಸ ಬಗೆಯ ಮೆನು ಊರೂರಿಗೆ ಹರಡಿತು. ಆ ಕಾಫಿ ಶಾಪುಗಳಲ್ಲಿ ಕೇಳುವ ಒಂದೊಂದು ಪ್ರಶ್ನೆಯ ಉತ್ತರಕ್ಕೂ ಬೆಲೆ ಇದೆ. ಹಣದ ಲೆಕ್ಕಕ್ಕೆ ಮುಖ್ಯವಾದ ವ್ಯತ್ಯಾಸ ಇದೊಂದೇ.

ಈ ಅಂಕಣಕಾರ್ತಿಯ ಖರ್ಚಿನ ಡೈರಿಯಲ್ಲಿ ಅಂಥ ಒಂದು ಬಿಲ್ಲು ಅಂಟಿಕೊಂಡಿದೆ. ಅಕ್ಷರ ಮಾಸತೊಡಗಿದ್ದರಿಂದ ಅಂಕಿಗಳ ಮೇಲೆ ಪೆನ್ಸಿಲ್ಲಿನಿಂದ ತಿದ್ದಿದ್ದಾಗಿದೆ. ಸಣ್ಣ ಲಾಟೆ 240 ರೂಪಾಯಿ. ಅದರ ಕೆಳಗೆ ಮೂರು ಸಾಲು: ದೊಡ್ಡ ಕಪ್ಪು 40, ಓಟ್ ಹಾಲು 60, ಹೇಜಲ್‌ನಟ್ ಸಿರಪ್ 50. ಒಟ್ಟು 390, ಶೇ 5ರ ಜಿಎಸ್‌ಟಿ ಸೇರಿ 409.50. ಕಾಫಿ ಬೇಕೆಂದು ಒಳಗೆ ಹೋದವಳು ಆ ಮೂರರಲ್ಲಿ ಒಂದನ್ನೂ ತಾನಾಗಿ ಕೇಳಿರಲಿಲ್ಲ. ಮೂರನ್ನೂ ಗಲ್ಲಾದವರು ಕೇಳಿದರು, ಮೂರಕ್ಕೂ ‘ಆಗಲಿ’ ಎಂಬ ಉತ್ತರ ಹೋಯಿತು. ವಾರಕ್ಕೆ ಎರಡು ಸಲದಂತೆ ತಿಂಗಳಿಗೆ ಎಂಟು ಕಪ್ಪು ಎಂದರೆ 3,276 ರೂಪಾಯಿ. ಅದರಲ್ಲಿ ಕೆಳಗಿನ ಮೂರು ಸಾಲಿನ ಪಾಲೇ ತೆರಿಗೆ ಸೇರಿ 1,260, ವರ್ಷಕ್ಕೆ 15,120. ಕಿಲೋಗೆ ಸಾವಿರ ರೂಪಾಯಿಯ ಪುಡಿಯನ್ನು ತಿಂಗಳಿಗೊಂದು ಕಿಲೋ ತಂದರೂ ಆ ದುಡ್ಡಿನಲ್ಲಿ ಒಂದು ಮನೆಯ ವರ್ಷದ ಕಾಫಿ ನಡೆದು ಮೂರು ಸಾವಿರ ಮಿಗುತ್ತದೆ.

ಮನಸ್ಸು ಹೀಗೆ ಒಪ್ಪಿಕೊಳ್ಳುವುದಕ್ಕೆ ಕಾರಣಗಳಿವೆ. ನಡುವಿನ ಅಳತೆಯ ಬೆಲೆ ದೊಡ್ಡದರ ಬೆಲೆಗೆ ತೀರಾ ಹತ್ತಿರವಿದ್ದರೆ ದೊಡ್ಡದೇ ಲಾಭವೆಂದು ತೋರುತ್ತದೆ. ಹೋಲಿಕೆಗೆಂದು ಪಕ್ಕದಲ್ಲಿಟ್ಟ ವಸ್ತು ಆಯ್ಕೆಯನ್ನು ಹೇಗೆ ವಾಲಿಸುತ್ತದೆ ಎಂಬುದನ್ನು ಹ್ಯೂಬರ್, ಪೇನ್, ಪ್ಯುಟೊ ಎಂಬ ಸಂಶೋಧಕರು 1982ರಲ್ಲೇ ತೋರಿಸಿದ್ದರು. ಇನ್ನು 240 ರೂಪಾಯಿ ಕೊಡಲು ಆಗಲೇ ಸಿದ್ಧವಾಗಿರುವ ಕೈಗೆ ಮೇಲಿನ ಐವತ್ತು ಹಗುರ. ಅದೇ ಐವತ್ತನ್ನು ತರಕಾರಿ ಗಾಡಿಯ ಮುಂದೆ ಚೌಕಾಸಿ ಮಾಡದೆ ಬಿಡುವವರು ಕಡಿಮೆ.

ಆಯ್ಕೆ ಹೆಚ್ಚಿದಷ್ಟೂ ಕೊಳ್ಳುವವರು ಹಿಂಜರಿಯುತ್ತಾರೆ ಎಂಬ ವಾದವೂ ಇದೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 24 ಬಗೆಯ ಜಾಮ್ ಇಟ್ಟ ಮೇಜಿನ ಬಳಿ ನಿಂತವರಲ್ಲಿ ಶೇ 3ರಷ್ಟು ಮಂದಿ ಕೊಂಡರೆ, 6 ಬಗೆ ಇಟ್ಟಾಗ ಶೇ 30ರಷ್ಟು ಮಂದಿ ಕೊಂಡರು. ಆದರೆ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2010ರ ಅಧ್ಯಯನಕ್ಕೆ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಕಂಡಿತು. ಕಾಫಿ ಶಾಪಿಗೆ ಈ ವಾದ ಅಷ್ಟಾಗಿ ಹೊಂದುವುದಿಲ್ಲ. ಅಲ್ಲಿ ಸಾಲಿನಲ್ಲಿ ನಿಂತವರು ಬರಿಗೈಯಲ್ಲಿ ವಾಪಸಾಗುವುದು ಅಪರೂಪ. ಗೊಂದಲಕ್ಕೆ ಬಿದ್ದವರು ಎದುರಿನವರು ಸೂಚಿಸಿದ್ದನ್ನೇ ತೆಗೆದುಕೊಳ್ಳುತ್ತಾರೆ.

ಕೆಲವು ಆಯ್ಕೆಗಳಿಗೆ ನಿಜವಾದ ಬೆಲೆ ಉಂಟು. ಹಾಲು ಒಗ್ಗದವರಿಗೆ ಓಟ್ ಹಾಲು ಶೋಕಿಯಲ್ಲ. ಕಾಫಿ ಪುಡಿ ಅಂಗಡಿಯಲ್ಲಿ ಬೀಜ ಪೀಬೆರಿಯೋ ಪ್ಲಾಂಟೇಶನ್ ಎಯೋ, ಅರೇಬಿಕಾಕ್ಕೆ ರೋಬಸ್ಟಾ ಎಷ್ಟು, ಚಿಕೋರಿ ಎಷ್ಟು ಎಂಬ ಪ್ರಶ್ನೆಗಳು ರುಚಿಯನ್ನೂ ದರವನ್ನೂ ಬದಲಿಸುತ್ತವೆ. ಕಾನೂನಿನ ಪ್ರಕಾರ ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು. ಪೊಟ್ಟಣದ ಮೇಲೆ ಆ ಪ್ರಮಾಣ ನೋಡಿ ಕೊಳ್ಳುವುದು ಜಾಣ ಖರೀದಿ. ದೇಶದ ಕಾಫಿಯ ಸುಮಾರು ಶೇ 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿ ಸಿರಪ್ಪಿನ ಹೆಸರುಗಳು ಬಾಯಿಪಾಠವಾಗಿ, ಚಿಕ್ಕಮಗಳೂರು, ಕೊಡಗಿನ ಬೀಜದ ಗುಣ ಗೊತ್ತಿಲ್ಲದೆ ಹೋಗುತ್ತಿರುವುದು ಬೇಸರದ ಸಂಗತಿ.

ಕಾಫಿ ಶಾಪಿನ 240 ರೂಪಾಯಿಯಲ್ಲಿ ಕುರ್ಚಿ, ಎಸಿ, ವೈಫೈಗಳ ಬಾಡಿಗೆಯೂ ಸೇರಿದೆ. ಎರಡು ಗಂಟೆ ಕೂತು ಕೆಲಸ ಮಾಡುವವರಿಗೆ, ಗೆಳೆಯರೊಡನೆ ಮಾತಿಗೆ ಕೂರುವವರಿಗೆ ಅದು ದುಬಾರಿಯಲ್ಲ. ಪಾರ್ಸೆಲ್ ಹಿಡಿದು ಹೊರಡುವವರು ಮಾತ್ರ ಕೂರದ ಕುರ್ಚಿಗೆ ದುಡ್ಡು ಕೊಡುತ್ತಾರೆ. ಕೂರುವುದಕ್ಕೇ ಹೋಗುವವರಿಗೂ ಸಣ್ಣ ಕಪ್ಪು ಸಾಕು. ಕುರ್ಚಿ ಎಲ್ಲ ಅಳತೆಗೂ ಒಂದೇ.

ಅಂಕಣಕಾರ್ತಿ ಈಗ ಬಾಗಿಲು ದಾಟುವ ಮೊದಲೇ ಪಾನೀಯವನ್ನೂ ಅಳತೆಯನ್ನೂ ನಿಶ್ಚಯಿಸಿಕೊಂಡು ಹೋಗುತ್ತಾಳೆ. ಬಿಲ್ಲು 252 ರೂಪಾಯಿಗೆ ನಿಂತಿದೆ. ಓದುಗರು ಮುಂದಿನ ಸಲ ಬಿಲ್ಲನ್ನು ಬುಟ್ಟಿಗೆ ಹಾಕುವ ಮುನ್ನ, ಪಾನೀಯದ ಹೆಸರಿನ ಕೆಳಗೆ ಎಷ್ಟು ಸಾಲಿವೆ ಎಂದು ದಯವಿಟ್ಟು ಒಮ್ಮೆ ಎಣಿಸಿ ನೋಡಲಿ.