ಇಂದಿನ ಚಿಂತನೆ: ಕಾರಣ ಹುಡುಕಿ, ಆಮೇಲೆ ಬದಲಿಸಿ



ಚನ್ನಗಿರಿಯ ಅಡಿಕೆ, ಜಗಳೂರಿನ ಮೆಕ್ಕೆಜೋಳ ಸಾಗಿಸುವ ಹಳೆಯ ಪಿಕಪ್‌ಗಳಲ್ಲಿ ಕೂಲಿಯವರೂ ಕೂತಿರುತ್ತಾರೆ. ಚಕ್ರದಡಿ ನಿಂಬೆಹಣ್ಣು ಇಟ್ಟರೆ ಬ್ರೇಕ್ ಸರಿಹೋಗದು.

ಬ್ರೇಕ್ ಒತ್ತಿದಾಗ ಗಾಡಿ ಒಂದೇ ಕಡೆ ಎಳೆದರೆ, ಮುಂದಿನ ಒಂದು ಚಕ್ರ ಮಾತ್ರ ಕಾದು ಸುಟ್ಟ ವಾಸನೆ ಬಂದರೆ, ಕ್ಯಾಲಿಪರ್ ಜಾಮ್ ಆಗಿರಬಹುದು. ಊಹೆಯ ಮೇಲೆ ಹೊಸದು ತರಬೇಡಿ. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು ಚಕ್ರ ತಿರುಗಿಸಿ. ಬಿಗಿಯಿದ್ದರೆ ಬ್ಲೀಡರ್ ನಿಪ್ಪಲ್ ಸಡಿಲಿಸಿ. ಆಗ ಚಕ್ರ ತಿರುಗಿದರೆ ದೋಷ ಹೋಸ್ ಅಥವಾ ಮಾಸ್ಟರ್ ಸಿಲಿಂಡರ್‌ನಲ್ಲಿರಬಹುದು. ತಿರುಗದಿದ್ದರೆ ಕ್ಯಾಲಿಪರ್‌ನ ಪಿಸ್ಟನ್, ಪಿನ್ ನೋಡಿ.

ಬದಲಿಸುವಾಗ ಹೊಸ ತಾಮ್ರದ ವಾಷರ್, ಎರಡೂ ಬದಿಗೆ ಹೊಸ ಪ್ಯಾಡ್ ಹಾಕಿ, ಗಾಳಿ ತೆಗೆಸಿ. ಪೆಡಲ್ ಗಟ್ಟಿಯಾಗದೆ ರಸ್ತೆಗಿಳಿಸಬೇಡಿ.

ದುಃಖಕ್ಕೆ ಕಾರಣವಿದೆ, ಕಾರಣ ತೆಗೆದರೆ ದುಃಖ ನಿಲ್ಲುತ್ತದೆ. ಗ್ಯಾರೇಜಿನಲ್ಲೂ ಇದೇ ದಾರಿ.

ಸರ್ವರಿಗೂ ಮಂಗಳವಾಗಲಿ.