ಕೊರಳಿಂದ ಕೊರಳಿಗೆ ವೀಣೆ

ಪುಣೆ ಬಳಿಯ ದೇಹೂ ರೋಡ್‌ನಲ್ಲಿ ರೂಮು ಮಾಡಿಕೊಂಡು ತಳವಡೆ, ಹಿಂಜವಡಿಯ ಕಂಪನಿಗಳಿಗೆ ಹೋಗುವ ನಮ್ಮ ಬೀದರ್, ವಿಜಯಪುರದ ಹುಡುಗರಿಗೆ ಲೋಡ್ ಬ್ಯಾಲೆನ್ಸರ್ ಪಾಠ ಹೇಳುವಾಗ ನಾನು ಮೊದಲು ದೇಹುವಿನ ಕಡೆ ಕೈ ತೋರಿಸುತ್ತೇನೆ. ಸಂತ ತುಕಾರಾಮರ ಊರು, ಇಲ್ಲಿಂದ ಕೆಲವೇ ಕಿಲೋಮೀಟರ್. ವಿಠ್ಠಲನ ಭಕ್ತರಾದ ವಾರಕರಿಗಳ ಅಖಂಡ ಸಪ್ತಾಹದಲ್ಲಿ ಏಳು ದಿನವೂ ವೀಣೆಯನ್ನು ನೆಲಕ್ಕೆ ಇಡುವುದಿಲ್ಲ. ಒಬ್ಬರ ಪಹರೆ ಮುಗಿದರೆ ಅದು ಮುಂದಿನವರ ಕೊರಳಿಗೆ ಹೋಗುತ್ತದೆ. ಜನ ಬದಲಾಗುತ್ತಾರೆ, ವೀಣೆ ಒಂದೇ.

ಲೋಡ್ ಬ್ಯಾಲೆನ್ಸರ್ ಎಂದರೆ ಬಂದ ಕೋರಿಕೆಗಳನ್ನು ಹಿಂದಿರುವ ಸರ್ವರ್‌ಗಳಿಗೆ ಹಂಚುವ ಪೆಟ್ಟಿಗೆ. ಸರ್ವರ್ ಹತ್ತಿದ್ದರೂ ಹಂಚುವ ಪೆಟ್ಟಿಗೆ ಒಂದೇ ಆದರೆ, ಅದು ಕೆಟ್ಟ ದಿನ ಎಲ್ಲವೂ ನಿಂತಂತೆಯೇ. ಆದ್ದರಿಂದ ಎರಡು ಇಡಬೇಕು. ಎರಡಕ್ಕೂ ತಮ್ಮ ತಮ್ಮ ಐಪಿ ವಿಳಾಸ ಇರುತ್ತದೆ. ಅದರ ಮೇಲೆ ಮೂರನೆಯದೊಂದು, ವರ್ಚುವಲ್ ಐಪಿ. ಬಳಕೆದಾರರಿಗೆ ಗೊತ್ತಿರುವುದು ಇದೊಂದೇ. ಇದೇ ನಮ್ಮ ವೀಣೆ.

ಇದನ್ನು ಕೈಬದಲಿಸುವ ನಿಯಮಕ್ಕೆ ವಿಆರ್‌ಆರ್‌ಪಿ ಎಂದು ಹೆಸರು, 1998ರಿಂದ ಇದೆ. ಲಿನಕ್ಸ್‌ನಲ್ಲಿ ಹಂಚುವ ಕೆಲಸ ಹೆಚ್‌ಎಪ್ರಾಕ್ಸಿಯದು, ಪಹರೆಯ ಕೆಲಸ ಕೀಪ್‌ಅಲೈವ್‌ಡಿಯದು. ಮೊದಲ ಪೆಟ್ಟಿಗೆಗೆ 150, ಎರಡನೆಯದಕ್ಕೆ 100 ಆದ್ಯತೆ ಕೊಟ್ಟಿದ್ದೀರಿ ಎನ್ನಿ. ಮೊದಲನೆಯದು ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂದು ಕೂಗುತ್ತಿರುತ್ತದೆ. ಸುಮಾರು 3.6 ಸೆಕೆಂಡು ಆ ಕೂಗು ಕೇಳದಿದ್ದರೆ ಎರಡನೆಯದು ವಿಳಾಸವನ್ನು ತಾನು ತೊಟ್ಟುಕೊಂಡು, 'ಇದು ಈಗ ನನ್ನ ಬಳಿ ಇದೆ' ಎಂದು ಎಆರ್‌ಪಿ ಮೂಲಕ ನೆಟ್‌ವರ್ಕ್‌ಗೆಲ್ಲ ಸಾರುತ್ತದೆ. ಆಗ ನಡೆಯುತ್ತಿದ್ದ ಸಂಪರ್ಕಗಳು ಸಾಮಾನ್ಯವಾಗಿ ಕಡಿಯುತ್ತವೆ. ಹೊಸವು ಇತ್ತ ಬರುತ್ತವೆ.

ಹೊಸಬರು ಎಡವುವುದು ಇಲ್ಲಿ: ಹೆಚ್‌ಎಪ್ರಾಕ್ಸಿ ಸತ್ತಿರುತ್ತದೆ, ಯಂತ್ರ ಬದುಕಿರುತ್ತದೆ, ಕೂಗೂ ನಡೆದಿರುತ್ತದೆ. ಎರಡನೆಯದಕ್ಕೆ ಏನೂ ತಿಳಿಯದು. ಹೆಚ್‌ಎಪ್ರಾಕ್ಸಿ ಬದುಕಿದೆಯೇ ಎಂದು ನೋಡುವ ಪುಟ್ಟ ಸ್ಕ್ರಿಪ್ಟನ್ನು ಕೀಪ್‌ಅಲೈವ್‌ಡಿಗೆ ಕಟ್ಟಲೇಬೇಕು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಕೂಗು ಹೋಗುವುದು 224.0.0.18 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ. ಫೈರ್‌ವಾಲ್ ಅದನ್ನು ತಡೆದರೆ ಎರಡೂ ಬದುಕಿದ್ದು, ಎರಡೂ ವೀಣೆ ತಮ್ಮದೇ ಎನ್ನುತ್ತವೆ. ಒಂದೇ ವಿಳಾಸಕ್ಕೆ ಇಬ್ಬರು ಒಡೆಯರು! ಒಮ್ಮೆ ತೆರೆದ ಪುಟ ಮರುಕ್ಷಣ ತೆರೆಯುವುದಿಲ್ಲ. ತಪ್ಪು ಹುಡುಕಲು ಇಡೀ ರಾತ್ರಿ ಬೇಕಾದೀತು.

ಕೆಟ್ಟಿದ್ದ ಪೆಟ್ಟಿಗೆ ಸರಿಯಾಗಿ ಮರಳಿದಾಗ ವಿಳಾಸವನ್ನು ಕಿತ್ತುಕೊಳ್ಳಬೇಕೆ? ಬೇಡ ಎಂಬುದೇ ನನ್ನ ಮಾತು. ಪ್ರತಿ ಕೈಬದಲಿಗೂ ಸಂಪರ್ಕ ಕಡಿಯುತ್ತದೆ. ಕೀಪ್‌ಅಲೈವ್‌ಡಿಯ ಸೆಟ್ಟಿಂಗ್‌ನಲ್ಲಿ ಎರಡನ್ನೂ ಬ್ಯಾಕಪ್ ಎಂದೇ ಶುರುಮಾಡಿ, ನೋಪ್ರಿಎಂಪ್ಟ್ ಎಂದು ಬರೆಯಿರಿ. ಎರಡಕ್ಕೂ ಬೇರೆ ಬೇರೆ ಸ್ವಿಚ್, ಬೇರೆ ಬೇರೆ ಕರೆಂಟ್ ಲೈನ್ ಕೊಡಿ.

ಎಲ್ಲ ಮುಗಿದ ಮೇಲೆ, ಬಳಕೆದಾರರು ಬರುವ ಮುನ್ನ, ಒಂದು ಕಿಟಕಿಯಲ್ಲಿ ವರ್ಚುವಲ್ ಐಪಿಗೆ ಪಿಂಗ್ ಓಡಿಸುತ್ತ ಮೊದಲ ಪೆಟ್ಟಿಗೆಯ ಪವರ್ ಕೇಬಲ್ಲನ್ನು ನಿಮ್ಮ ಕೈಯಿಂದಲೇ ಕೀಳಿರಿ. ಎಷ್ಟು ಪಿಂಗ್ ತಪ್ಪಿದವು ಎಂದು ಎಣಿಸಿ ಬರೆದಿಡಿ.